ಅಂಕಪಟ್ಟಿಯಲ್ಲಿ ಜಾಗವಿಲ್ಲದ ಆಸಕ್ತಿಗಳು: ದಕ್ಷಿಣ ಬೆಂಗಳೂರು ಮತ್ತು ಪ್ರವೇಶ ಪ್ರಬಂಧ

ಕಾಲೇಜು ಸೇರಬಯಸುವ ವಿದ್ಯಾರ್ಥಿಯು ತನ್ನ ಕುರಿತು, ಹಲವೊಮ್ಮೆ ತಾನು ಮನಸಾರೆ ಹಚ್ಚಿಕೊಂಡ ಆಸಕ್ತಿಯೊಂದನ್ನು ಕುರಿತು ಬರೆದು ಅರ್ಜಿಯೊಡನೆ ಸಲ್ಲಿಸುವ ಬರಹವೇ ಪ್ರವೇಶ ಪ್ರಬಂಧ. ಅಮೆರಿಕದಲ್ಲಿ ಬೆಳೆದ ಈ ಪದ್ಧತಿಯ ಹಿನ್ನೆಲೆ ಹೆಮ್ಮೆಪಡುವಂಥದ್ದಲ್ಲ. 1920ರ ದಶಕದಲ್ಲಿ ಹಾರ್ವರ್ಡ್‌ನಂಥ ವಿಶ್ವವಿದ್ಯಾಲಯಗಳು, ಪರೀಕ್ಷೆಗಳಲ್ಲಿ ಮುಂದಿದ್ದ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸುವ ಉದ್ದೇಶದಿಂದ, ಅಂಕಗಳ ಜೊತೆಗೆ ನಡತೆ, ವ್ಯಕ್ತಿತ್ವಗಳನ್ನೂ ಪರಿಗಣಿಸತೊಡಗಿದವು. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಸಾಲುವ ‘ಕಾಮನ್ ಅಪ್ಲಿಕೇಶನ್’ ವ್ಯವಸ್ಥೆ 1975ರಲ್ಲಿ ಬಂದು, ಪ್ರಬಂಧವು ಕ್ರಮೇಣ ಅದರ ಮುಖ್ಯ ಭಾಗವಾಯಿತು. ಇಂದು ಅದರ ಮಿತಿ 650 ಪದಗಳು.

ಕರ್ನಾಟಕ ಹಿಡಿದದ್ದು ಇದಕ್ಕೆ ತೀರ ಬೇರೆಯಾದ ದಾರಿ. ಜನರು ‘ಡೊನೇಷನ್’ ಎಂದೇ ಕರೆಯುವ ಕ್ಯಾಪಿಟೇಶನ್ ಶುಲ್ಕ, ಅಂದರೆ ಸೀಟಿಗಾಗಿ ತೆರಬೇಕಾದ ಹೆಚ್ಚುವರಿ ಹಣ, ವೃತ್ತಿಶಿಕ್ಷಣವನ್ನು ಉಳ್ಳವರ ಸೊತ್ತಾಗಿಸಿದಾಗ ರಾಜ್ಯವು 1984ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ತಂದಿತು. ಇದೇ ಶುಲ್ಕವನ್ನು ಕುರಿತ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ತೀರ್ಪಿತ್ತ ಮೇಲೆ, 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಸುವ ಸಿಇಟಿ ಘಟಕ ಆರಂಭವಾಯಿತು. ರ‍್ಯಾಂಕ್ ಬಂದವರಿಗೆ ಸೀಟು ಎಂಬ ಈ ನಿಯಮವು ಬಡವರ, ಹಳ್ಳಿಗರ ಮಕ್ಕಳಿಗೆ ಒದಗಿಸಿದ ರಕ್ಷಣೆಯನ್ನು ಎಷ್ಟು ನೆನೆದರೂ ಕಡಿಮೆಯೇ. ಕ್ರೀಡೆ, ಎನ್‌ಸಿಸಿಯಂಥ ಕೋಟಾಗಳನ್ನು ಬಿಟ್ಟರೆ ವಿದ್ಯಾರ್ಥಿಯ ಉಳಿದ ಒಲವುಗಳು ಮಾತ್ರ ಲೆಕ್ಕದಿಂದ ಹೊರಗುಳಿದವು.

ಆದರೆ 1948ರಲ್ಲಿ ರೂಪುಗೊಂಡ ದಕ್ಷಿಣ ಬೆಂಗಳೂರಿನ ಜಯನಗರ ಮತ್ತು ಅದರ ಸುತ್ತಿನ ಬಡಾವಣೆಗಳಲ್ಲಿ ಒಲವುಗಳಿಗೆ ಎಂದೂ ಬರವಿರಲಿಲ್ಲ. ಓಹಿಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಮರಳಿದ ಎಚ್. ನರಸಿಂಹಯ್ಯನವರು 1962ರಲ್ಲಿ ನೆರೆಯ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ, ಯಾವ ಪರೀಕ್ಷೆಯ ಹಂಗೂ ಇಲ್ಲದ ವಿಜ್ಞಾನ ಉಪನ್ಯಾಸಗಳನ್ನು ಊರಿಗೆ ರೂಢಿಮಾಡಿಸಿತು. 2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ಎಂಬ ನಾಟಕಮಂದಿರ ತೆರೆಯಿತು. ಇವುಗಳಿಗೆ ಸಂಗೀತದ ಮನೆಪಾಠಗಳೂ ಸೇರಿ ಆದ ಕಲಿಕೆಯು ಎಷ್ಟೋ ಮಕ್ಕಳ ಪಾಲಿಗೆ ತರಗತಿಯ ಪಾಠಕ್ಕಿಂತ ಆಳವಾಗಿತ್ತು.

ಇಲ್ಲಿನ ಮಕ್ಕಳು ವಿದೇಶಿ ಪದವಿ ಕಾಲೇಜುಗಳಿಗೆ ಅರ್ಜಿ ಹಾಕತೊಡಗಿದಾಗ ಅಡ್ಡಬಂದದ್ದು ಶಾಲೆಯ ‘ನನ್ನ ಹವ್ಯಾಸ’ ಪ್ರಬಂಧದ ಮಾದರಿ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಆ ಚೌಕಟ್ಟಿನಲ್ಲಿ ಮೃದಂಗ ಕಲಿಯುವ ಹುಡುಗಿ ‘ಸಂಗೀತವು ದೈವದತ್ತ ಕಲೆ’ ಎಂದು ಆರಂಭಿಸಿ ಸಂಗೀತದ ಪ್ರಯೋಜನಗಳನ್ನು ಪಟ್ಟಿಮಾಡುತ್ತಾಳೆ. ಪ್ರವೇಶ ಪ್ರಬಂಧ ಕೇಳುವುದಾದರೋ, ಎಡಗಡೆಯ ಚರ್ಮಕ್ಕೆ ಕಲಸಿದ ರವೆ ಮೆತ್ತುವಾಗ ಅದು ಎಷ್ಟಿದ್ದರೆ ನಾದ ತುಂಬಿಬರುತ್ತದೆಂದು ಬೆರಳಿಗೆ ತಿಳಿದ ಬಗೆಯನ್ನು, ಮುಕ್ತಾಯ ತಪ್ಪಿದಾಗ ಅವಳು ತಾಳವನ್ನು ಮತ್ತೆ ಎಣಿಸಿದ ರೀತಿಯನ್ನು. ಈ ಕೊರತೆಯನ್ನು ತುಂಬಲು ಹುಟ್ಟಿಕೊಂಡ ಸಲಹಾ ಕೇಂದ್ರಗಳು ದುಬಾರಿಯಾಗಿರುವುದರಿಂದ, ಡೊನೇಷನ್ ಕಾಲದ ಅಸಮತೆ ಬೇರೊಂದು ವೇಷದಲ್ಲಿ ಮರಳಿದೆ. ತನ್ನ ಅನುಭವವನ್ನು ಕಂಡಂತೆ ಬರೆಯುವ ಅಭ್ಯಾಸವನ್ನು ಒಂಬತ್ತನೆಯ ತರಗತಿಯ ಕನ್ನಡ ಮೇಷ್ಟ್ರು ಮಾಡಿಸಬಲ್ಲರು. ಅದಕ್ಕೆ ಪಠ್ಯಕ್ರಮದಲ್ಲಿ ಬೇಕಾಗುವುದು ವಾರಕ್ಕೊಂದು ಪಿರಿಯಡ್ ಮಾತ್ರ.