ನೀತಿಶಾಸ್ತ್ರ ಮತ್ತೆ ಬದುಕಿನ ಕಡೆಗೆ ತಿರುಗಿದ ಬಗೆ

ತತ್ತ್ವಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ನೀತಿಶಾಸ್ತ್ರದ ಅಧ್ಯಾಯ ಸಾಮಾನ್ಯವಾಗಿ ಮೂರು ಪಂಥಗಳನ್ನು ಸಾಲಾಗಿ ನಿಲ್ಲಿಸುತ್ತದೆ: ಕೆಲಸದ ಫಲವನ್ನು ನೋಡುವ ಉಪಯುಕ್ತತಾವಾದ, ಕರ್ತವ್ಯಕ್ಕೆ ಒತ್ತು ಕೊಡುವ ಕಾಂಟನ ಮಾರ್ಗ, ಮನುಷ್ಯನ ಶೀಲವನ್ನು ಮುಂದಿಡುವ ಅರಿಸ್ಟಾಟಲನ ಮಾರ್ಗ. ವಿದ್ಯಾರ್ಥಿ ಮೂರನ್ನೂ ಉರುಹೊಡೆದು, ಒಂದನ್ನು ಒಪ್ಪಿ ಉಳಿದೆರಡನ್ನು ಕೈಬಿಡುತ್ತಾನೆ. ಹೀಗೆ ಕಲಿತರೆ ಆ ಚಿಂತನೆಯ ಜೀವಾಳವೇ ತಪ್ಪಿಹೋಗುತ್ತದೆ. ಹಿಂದಿನವರು ಬಿಟ್ಟುಹೋದ ಪ್ರಶ್ನೆಗಳೂ ತಮ್ಮ ಕಾಲದ ಸಂಕಟಗಳೂ ಸೇರಿ ಈ ಮಾರ್ಗಗಳನ್ನು ರೂಪಿಸಿವೆ. ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನ ಕಥೆಯಲ್ಲಿ ಇದು ಎದ್ದು ಕಾಣುತ್ತದೆ.

ಹಿನ್ನೆಲೆ ಇಷ್ಟು. ಒಳ್ಳೆಯ ಬಾಳು ಎಂದರೇನು ಎಂದು ಕೇಳಿದ ಅರಿಸ್ಟಾಟಲ್, ಧೈರ್ಯ, ನ್ಯಾಯ, ಮಿತಿಯಂಥ ಗುಣಗಳು ರೂಢಿಯಿಂದ ಮೈಗೂಡುತ್ತವೆ ಎಂದ. ಎರಡು ಸಾವಿರ ವರ್ಷಗಳ ನಂತರ, 1785ರಲ್ಲಿ ಕಾಂಟ್, ಮನುಷ್ಯನನ್ನು ಎಂದೂ ಬರೀ ಸಾಧನವಾಗಿ ಬಳಸಕೂಡದು ಎಂಬ ತತ್ತ್ವವನ್ನು ಮಂಡಿಸಿದ. 1789ರಲ್ಲಿ ಪ್ರಕಟವಾದ ಬೆಂಥಮ್‌ನ ಗ್ರಂಥ ಸುಖದುಃಖಗಳೇ ಅಳತೆಗೋಲು ಎಂದಿತು; ಪ್ರಾಣಿಗಳ ನೋವನ್ನೂ ಲೆಕ್ಕಕ್ಕೆ ತಂದಿತು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಮೂರು ದಶಕಕ್ಕೂ ಮಿಕ್ಕಿ ನೌಕರಿ ಮಾಡಿದ ಜಾನ್ ಸ್ಟುವರ್ಟ್ ಮಿಲ್, ಸುಖಗಳಲ್ಲೂ ಮೇಲುಕೀಳುಗಳಿವೆ ಎಂದು ಆ ವಾದವನ್ನು ತಿದ್ದಿದ.

1903ರಲ್ಲಿ ಕೇಂಬ್ರಿಜ್‌ನ ಜಿ.ಇ. ಮೂರ್ ದಿಕ್ಕು ಬದಲಿಸಿದರು. ಒಳಿತನ್ನು ಸುಖ ಎಂದೋ ಬಯಕೆ ಎಂದೋ ಬೇರೊಂದರ ಮೂಲಕ ವ್ಯಾಖ್ಯಾನಿಸಲಾಗದು ಎಂಬುದು ಅವರ ವಾದ. ಅಲ್ಲಿಂದ ಮುಂದೆ, ಏನು ಮಾಡಬೇಕು ಎಂಬ ಪ್ರಶ್ನೆ ಹಿಂದೆ ಸರಿದು, ನೈತಿಕ ಮಾತುಗಳ ಸ್ವರೂಪವೇನು ಎಂಬ ಪ್ರಶ್ನೆ ಮುಂದೆ ಬಂತು. 1936ರಲ್ಲಿ ತರುಣ ಎ.ಜೆ. ಏಯರ್ ಇದನ್ನು ತುದಿಗೆ ಒಯ್ದರು: ಕದಿಯುವುದು ತಪ್ಪು ಎನ್ನುವ ಮಾತು ನಿಜವೂ ಅಲ್ಲ, ಸುಳ್ಳೂ ಅಲ್ಲ, ಅದು ಆಡುವವನ ಭಾವದ ಅಭಿವ್ಯಕ್ತಿ ಮಾತ್ರ. ತರ್ಕ ಚುರುಕಾಗಿತ್ತು. ಆದರೆ ಹಿಟ್ಲರ್ ಅಧಿಕಾರಕ್ಕೇರಿ ಮೂರು ವರ್ಷವಾಗಿದ್ದ ಹೊತ್ತಿನಲ್ಲಿ ತತ್ತ್ವಶಾಸ್ತ್ರ ಇಂಥ ತೀರ್ಮಾನಕ್ಕೆ ಬಂದು ನಿಂತದ್ದು ಇಂದು ಓದುವಾಗ ಎದೆಗೆ ಚುಚ್ಚುತ್ತದೆ.

ಅದು ಚುಚ್ಚಿದವರಲ್ಲಿ ಫಿಲಿಪ್ಪಾ ಫುಟ್ ಮುಖ್ಯರು. ಯುದ್ಧಕಾಲದ ಆಕ್ಸ್‌ಫರ್ಡಿನಲ್ಲಿ ಅವರು, ಎಲಿಜಬೆತ್ ಆ್ಯನ್ಸ್‌ಕೂಂಬ್, ಐರಿಸ್ ಮರ್ಡಾಕ್, ಮೇರಿ ಮಿಜ್ಲಿ ಓರಗೆಯವರು. ಗಂಡಸರಲ್ಲಿ ಬಹುಮಂದಿ ರಣರಂಗಕ್ಕೆ ಹೋಗಿದ್ದರಿಂದ ತರಗತಿಗಳಲ್ಲಿ ಹೆಣ್ಣುಮಕ್ಕಳ ದನಿಗೆ ಜಾಗ ಸಿಕ್ಕಿತ್ತು. 1945ರಲ್ಲಿ ನಾಜಿ ಶಿಬಿರಗಳ ಚಿತ್ರಗಳು ಹೊರಬಂದಾಗ ಫುಟ್ ತತ್ತರಿಸಿದರು. ಇದು ಕೆಟ್ಟದ್ದು ಎಂದು ನಾವು ಹೇಳುವುದು ನಮ್ಮ ಮನೋಭಾವ ಮಾತ್ರವಾದರೆ, ನಾಜಿಯ ಮನೋಭಾವಕ್ಕೂ ಅಷ್ಟೇ ತೂಕವಲ್ಲವೇ? ಈ ಪ್ರಶ್ನೆಯ ಬೆನ್ನು ಹತ್ತಿ ಅವರು ಜೀವಮಾನವಿಡೀ ಬರೆದರು. ನೈತಿಕ ಮಾತು ಸಂಗತಿಯ ವರ್ಣನೆಯಲ್ಲ ಎನ್ನುವ ಇನ್ನೊಂದು ಪಕ್ಷದ ತತ್ತ್ವಜ್ಞ ಆರ್.ಎಂ. ಹೇರ್ ಕೂಡ ನೋವು ಕಾಣದವರಲ್ಲ. ಸಿಂಗಪುರ ಬಿದ್ದಾಗ ಜಪಾನೀಯರಿಗೆ ಸೆರೆಸಿಕ್ಕು ಬರ್ಮಾ ರೈಲುಹಾದಿಯಲ್ಲಿ ದುಡಿದವರು. ಯಾವುದೇ ಸಮಾಜದ ಆಸರೆ ಇಲ್ಲದಿರುವಾಗಲೂ ಮನುಷ್ಯ ಹಿಡಿದು ನಡೆಯಬಲ್ಲ ನಿಯಮ ಅವರಿಗೆ ಬೇಕಿತ್ತು.

1956ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಅಮೆರಿಕದ ಮಾಜಿ ಅಧ್ಯಕ್ಷ ಟ್ರೂಮನ್‌ಗೆ ಗೌರವ ಪದವಿ ಕೊಡಲು ಹೊರಟಾಗ ಆ್ಯನ್ಸ್‌ಕೂಂಬ್ ಎದ್ದು ನಿಂತು ವಿರೋಧಿಸಿದರು. ಉದ್ದೇಶ ಏನೇ ಇರಲಿ, ಹಿರೋಶಿಮಾ, ನಾಗಾಸಾಕಿಯ ನಿರಪರಾಧಿಗಳನ್ನು ಕೊಂದದ್ದು ಕೊಲೆಯೇ ಎಂಬುದು ಅವರ ನಿಲುವು. ಬೆಂಬಲಿಸಿದವರು ಬೆರಳೆಣಿಕೆಯಷ್ಟು, ಪದವಿ ಪ್ರದಾನವಾಯಿತು. ಎರಡು ವರ್ಷಗಳಲ್ಲಿ ಅವರು ಬರೆದ ಪ್ರಬಂಧ, ಫಲಿತಾಂಶ ಒಳ್ಳೆಯದಾದರೆ ಯಾವ ಕೃತ್ಯಕ್ಕೂ ಬಾಗಿಲು ತೆರೆದಿಡುವ ಚಿಂತನೆಯನ್ನು ಪರಿಣಾಮವಾದ ಎಂದು ಹೆಸರಿಸಿ ಖಂಡಿಸಿತು. ಸದ್ಗುಣಗಳ ವಿಚಾರಕ್ಕೆ ಮರುಜೀವ ಬಂದದ್ದು ಅಲ್ಲಿಂದ.

ಇಂದು ಆಟದಂತೆ ಚಲಾವಣೆಯಲ್ಲಿರುವ ಟ್ರಾಲಿ ಸಮಸ್ಯೆಯೂ ಇದೇ ಗುಂಪಿನದು. 1967ರಲ್ಲಿ ಫುಟ್ ಇಬ್ಬರನ್ನು ಅಕ್ಕಪಕ್ಕ ಇಟ್ಟರು. ಹಿಡಿತ ತಪ್ಪಿದ ಟ್ರ್ಯಾಮಿನ ಚಾಲಕ ಐವರಿರುವ ಹಳಿ ಬಿಟ್ಟು ಒಬ್ಬನಿರುವ ಹಳಿಗೆ ತಿರುಗಿಸಬಹುದು. ದೊಂಬಿಯಲ್ಲಿ ಐವರು ಸಾಯುವುದನ್ನು ತಪ್ಪಿಸಲು ನ್ಯಾಯಾಧೀಶ ಒಬ್ಬ ನಿರಪರಾಧಿಯನ್ನು ಗಲ್ಲಿಗೇರಿಸಬಹುದು. ಲೆಕ್ಕ ಎರಡೂ ಕಡೆ ಒಂದೇ ಆದರೂ ಚಾಲಕನನ್ನು ಒಪ್ಪುವ ನಾವು ನ್ಯಾಯಾಧೀಶನನ್ನು ಕಂಡು ಹೇಸುತ್ತೇವೆ. ಕಾರಣ, ಚಾಲಕ ಏನು ಮಾಡಿದರೂ ಕೊಲ್ಲುವವನೇ, ಕಡಿಮೆ ಜನರನ್ನು ಕೊಲ್ಲಲಿ; ನ್ಯಾಯಾಧೀಶನಾದರೋ ನೆರವಾಗಲೆಂದು ಹೊಸದಾಗಿ ಕೊಲ್ಲಲು ಹೊರಟವನು. ಹಾನಿ ಮಾಡದಿರುವ ಹೊಣೆ ನೆರವಾಗುವ ಹೊಣೆಗಿಂತ ಭಾರವಾದದ್ದು ಎಂದರು ಫುಟ್. ನ್ಯಾಯಾಧೀಶನನ್ನು ಬಿಟ್ಟು ಟ್ರ್ಯಾಮನ್ನಷ್ಟೇ ಉಳಿಸಿಕೊಂಡದ್ದು ನಂತರದವರು ಮಾಡಿದ ಅನ್ಯಾಯ.

1971ರಲ್ಲಿ ಜಾನ್ ರಾಲ್ಸ್, ತಾನು ಬಡವನೋ ಸಿರಿವಂತನೋ ತಿಳಿಯದ ಸ್ಥಿತಿಯಲ್ಲಿ ನಿಂತು ಸಮಾಜದ ನಿಯಮಗಳನ್ನು ಆರಿಸಿ ಎಂದರು. ಅದೇ ವರ್ಷ ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಭಾರತದೊಳಗೆ ಬರುತ್ತಿದ್ದರು. ಆ ಹಸಿವನ್ನು ಕಣ್ಣಮುಂದಿಟ್ಟುಕೊಂಡು ಪೀಟರ್ ಸಿಂಗರ್ ಬರೆದ ಪ್ರಬಂಧ 1972ರಲ್ಲಿ ಬಂತು: ಕೊಳದಲ್ಲಿ ಮುಳುಗುವ ಮಗುವನ್ನು ಬಟ್ಟೆ ಕೆಸರಾದೀತೆಂದು ಬಿಡಲಾಗದು ಎಂದಾದರೆ, ದೂರದಲ್ಲಿ ಸಾಯುವವನನ್ನು ಬಿಡುವುದು ಹೇಗೆ ಸರಿ?

ಮುಂದೆ 1982ರಲ್ಲಿ ಕ್ಯಾರಲ್ ಗಿಲಿಗನ್, ನಿಯಮಗಳ ಮಾತಿನಲ್ಲಿ ಆರೈಕೆ, ಸಂಬಂಧಗಳ ದನಿ ಕೇಳದೇಹೋಗಿದೆ ಎಂದು ತೋರಿಸಿದರು. 2009ರ ಕೃತಿಯಲ್ಲಿ ಅಮರ್ತ್ಯ ಸೇನ್, ಕುರುಕ್ಷೇತ್ರದಲ್ಲಿ ಕೃಷ್ಣನ ಉಪದೇಶದ ಮುಂದೆ ಮಂಕಾದ ಅರ್ಜುನನ ಆತಂಕಕ್ಕೂ ಬೆಲೆಯಿದೆ ಎಂದು ವಾದಿಸಿದರು.

ನೀತಿಶಾಸ್ತ್ರವನ್ನು ಹೊಸದಾಗಿ ಓದಲು ತೊಡಗುವವರು ಪಂಥಗಳ ಪಟ್ಟಿಯನ್ನು ಸದ್ಯಕ್ಕೆ ಬದಿಗಿಟ್ಟು ಸಿಂಗರ್ ಅವರ ಆ ಕೆಲವೇ ಪುಟಗಳ ಪ್ರಬಂಧದಿಂದ ಶುರು ಮಾಡಲಿ. ಅದನ್ನು ಒಪ್ಪದವರು ವಾದ ಎಲ್ಲಿ ಎಡವಿದೆ ಎಂದು ಹೇಳಹೊರಟರೆ ಕಾಂಟ್, ಅರಿಸ್ಟಾಟಲ್, ಫುಟ್ ಎಲ್ಲರೂ ಬೇಕಾಗುತ್ತಾರೆ.