ಹೊಲಿಗೆ ಬಿಟ್ಟಿದ್ದರೆ 28 ಜನರ ಕಥೆ ಮುಗೀತಿತ್ತು

ನಿಮ್ಮ ಕಾಲೇಜ್ ಬ್ಯಾಗ್ ಯಾವತ್ತಾದ್ರೂ ಕಿತ್ತು ಹೋಗಿದ್ದರೆ ಒಂದು ವಿಷಯ ಗಮನಿಸಿರ್ತೀರಿ. ಬಟ್ಟೆ ಹರಿಯೋದು ಕಡಿಮೆ, ಹೊಲಿಗೆ ಬಿಡೋದೇ ಹೆಚ್ಚು. ಆಟೋದ ಹುಡ್, ಲಾರಿಯ ಟಾರ್ಪಾಲ್, ಮಳೆಗಾಲದಲ್ಲಿ ದಡಕ್ಕೆ ಎಳೆದಿಟ್ಟ ದೋಣಿಯ ಹೊದಿಕೆ, ಎಲ್ಲದರ ಹಣೆಬರಹವೂ ಅದೇ.

ಕಾರಣ ಸರಳ. ಕ್ಯಾನ್ವಾಸ್ ಅಂದ್ರೆ ಒತ್ತಾಗಿ ನೇಯ್ದ ದಪ್ಪ ಬಟ್ಟೆ. ಎಳೆತ ಬಿದ್ದರೆ ನೂರಾರು ಎಳೆಗಳು ಅದನ್ನ ಹಂಚಿಕೊಳ್ಳುತ್ತವೆ. ಆದರೆ ಎರಡು ಪಟ್ಟಿ ಸೇರುವ ಕಡೆ ಆ ಭಾರವೆಲ್ಲ ಒಂದೆರಡು ಸಾಲು ದಾರದ ಮೇಲೆ ಬೀಳುತ್ತೆ. ದಾರ ಬಟ್ಟೆಯ ಮೇಲೆ ಸ್ವಲ್ಪ ಎದ್ದು ಕೂತಿರುತ್ತೆ. ಹಾಗಾಗಿ ಬಿಸಿಲು, ಉಪ್ಪುನೀರು, ತಿಕ್ಕಾಟ ಮೊದಲು ತಿನ್ನೋದು ಅದನ್ನೇ.

ಹಾಯಿಹಡಗಿನ ಕಾಲದ ನಾವಿಕರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಿಟ್ಟ ಹೊಲಿಗೆ ಸರಿಮಾಡೋಕೆ ಅವರದ್ದೊಂದು ಕ್ರಮ. ಕೊಳೆತ ದಾರವನ್ನ ಪೂರ್ತಿ ಬಿಡಿಸು. ಬಿಟ್ಟ ಜಾಗದಿಂದಲೇ ಶುರು ಮಾಡಬೇಡ, ಎರಡು ಮೂರು ಬೆರಳು ಹಿಂದೆ, ಗಟ್ಟಿಯಿರುವ ಹೊಲಿಗೆಯಿಂದ ಹಿಡಿ. ಆದಷ್ಟೂ ಹಳೇ ತೂತುಗಳಲ್ಲೇ ಸೂಜಿ ಹಾಕು. ಯಾಕೆ? ಚೆಕ್ ಬುಕ್‌ನಲ್ಲಿ ಹಾಳೆ ಸಲೀಸಾಗಿ ಹರಿಯಲಿ ಅಂತ ಸಾಲು ತೂತು ಹಾಕಿರ್ತಾರಲ್ಲ, ಹೊಸ ತೂತು ಹೆಚ್ಚಾದರೆ ಬಟ್ಟೆಯೂ ಹಾಗೇ ಆಗುತ್ತೆ. ದಾರಕ್ಕೆ ಮೇಣ ಸವರಬೇಕು. ಸೂಜಿ ನಮ್ಮ ಗೋಣಿಚೀಲ ಹೊಲಿಯುವ ದಬ್ಬಳದ ಹಾಗೆ. ಅದನ್ನ ತಳ್ಳೋಕೆ ಬೆರಳಿನ ಬಲ ಸಾಲದು. ಅಂಗೈಗೆ ಒಂದು ಚರ್ಮದ ಪಟ್ಟಿ ಕಟ್ಟಿಕೊಂಡು, ಅದರಲ್ಲಿ ಕೂರಿಸಿದ ಲೋಹದ ಬಿಲ್ಲೆಗೆ ಸೂಜಿಯ ತುದಿ ಒತ್ತಿ ತಳ್ತಾರೆ.

ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇತಿಹಾಸದ ಅತಿ ದೊಡ್ಡ ಸಮುದ್ರ ಸಾಹಸಗಳಲ್ಲಿ ಒಂದು ಇಂಥದ್ದೇ ಹೊಲಿಗೆಯ ಮೇಲೆ ನಿಂತಿತ್ತು.

ಬನ್ನಿ, 1916ರ ಏಪ್ರಿಲ್‌ಗೆ ಹೋಗೋಣ. ಜಾಗ ಅಂಟಾರ್ಕ್ಟಿಕಾ ಪಕ್ಕದ ಎಲಿಫೆಂಟ್ ದ್ವೀಪ. ಅರ್ನೆಸ್ಟ್ ಶ್ಯಾಕಲ್ಟನ್ ತಂಡದ 28 ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಅವರ ಹಡಗು ಎಂಡ್ಯೂರೆನ್ಸ್ 1915ರ ಜನವರಿಯಲ್ಲಿ ಮಂಜುಗಡ್ಡೆಗೆ ಸಿಕ್ಕು, ಅಕ್ಟೋಬರ್‌ನಲ್ಲಿ ಜಜ್ಜಿಹೋಗಿ, ನವೆಂಬರ್‌ನಲ್ಲಿ ಮುಳುಗಿತು. ಆ ಹಡಗಿನ ಅವಶೇಷ 2022ರಲ್ಲಿ ಸುಮಾರು 3,000 ಮೀಟರ್ ಆಳದಲ್ಲಿ ಸಿಕ್ಕಿದ ವಿಡಿಯೊ ನೀವು ನೋಡಿರಬಹುದು. ಹಡಗು ಹೋದ ಮೇಲೆ ಉಳಿದಿದ್ದು ಮೂರು ಸಣ್ಣ ದೋಣಿ. ಅವುಗಳಲ್ಲೇ ಹೇಗೋ ಈ ದ್ವೀಪ ಮುಟ್ಟಿದ್ದಾರೆ. ಆದರೆ ಅಲ್ಲಿಗೆ ಯಾರೂ ಬರೋದಿಲ್ಲ. ಇವರು ಅಲ್ಲಿದ್ದಾರೆ ಅಂತ ಲೋಕಕ್ಕೆ ಗೊತ್ತೇ ಇಲ್ಲ.

ಉಳಿದ ದಾರಿ ಒಂದೇ. ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ತಿಮಿಂಗಿಲ ಬೇಟೆಗಾರರ ನೆಲೆಗಳಿವೆ. ದೂರ ಸುಮಾರು 800 ನಾಟಿಕಲ್ ಮೈಲಿ, ಅಂದ್ರೆ ಹತ್ತಿರ ಹತ್ತಿರ 1,500 ಕಿಲೋಮೀಟರ್. ದೋಣಿಯ ಉದ್ದ ಇಪ್ಪತ್ತೆರಡೂವರೆ ಅಡಿ, ಮೇಲ್ಗಡೆ ಬಹುತೇಕ ಬಯಲು. ಆ ಸಮುದ್ರದಲ್ಲಿ ಒಂದು ದೊಡ್ಡ ಅಲೆ ಒಳಗೆ ಬಂದರೆ ಅಲ್ಲಿಗೆ ಕಥೆ ಮುಗೀತು.

ಈಗ ಬರ್ತಾನೆ ಹ್ಯಾರಿ ಮ್ಯಾಕ್‌ನಿಷ್. ಹಡಗಿನ ಬಡಗಿ, ಸ್ಕಾಟ್ಲೆಂಡಿನವನು. ಈ ದೋಣಿಗೊಂದು ಮುಚ್ಚಿಗೆ ಬೇಕು ಅಂದಾಗ ಆತನ ಹತ್ತಿರ ಮರದ ಅಂಗಡಿ ಇರಲಿಲ್ಲ. ಇದ್ದಿದ್ದು ಹಿಮಬಂಡಿಗಳ ಅಡಿಪಟ್ಟಿ, ಸಾಮಾನಿನ ಪೆಟ್ಟಿಗೆಗಳ ಮುಚ್ಚಳ, ಆ ಪೆಟ್ಟಿಗೆಗಳಿಂದಲೇ ಕಿತ್ತ ಸಣ್ಣ ಮೊಳೆ, ಜೊತೆಗೆ ಒಂದಿಷ್ಟು ಕ್ಯಾನ್ವಾಸ್. ಮರದ ಚೂರುಗಳಿಂದ ಚೌಕಟ್ಟು ಕಟ್ಟಿ, ಅದರ ಮೇಲೆ ಕ್ಯಾನ್ವಾಸ್ ಬಿಗಿದು ಹೊದಿಸೋದು ಆತನ ಯೋಜನೆ.

ತೊಂದರೆ ಏನು ಗೊತ್ತಾ? ಕ್ಯಾನ್ವಾಸ್ ಚಳಿಗೆ ಹೆಪ್ಪುಗಟ್ಟಿ ಹಲಗೆ ಥರ ಸೆಟೆದು ನಿಂತಿತ್ತು. ಅದಕ್ಕೆ ಸೂಜಿ ಇಳಿಯೋದೇ ಇಲ್ಲ. ನಾವಿಕರು ಅದನ್ನ ಸೀಲ್ ಕೊಬ್ಬು ಉರಿಸುವ ಒಲೆಯ ಮೇಲೆ ಹಿಡಿದು, ಅಡಿ ಅಡಿಯಾಗಿ ಕರಗಿಸಿ, ಮೆತ್ತಗಾದಷ್ಟನ್ನ ಮಾತ್ರ ಹೊಲಿದು, ಮುಂದಿನ ಅಡಿಗೆ ಹೋಗ್ತಿದ್ದರು. ಬಯಲಲ್ಲಿ, ಗಾಳಿಯಲ್ಲಿ, ಮರಗಟ್ಟಿದ ಕೈಗಳಿಂದ. ದೋಣಿಯ ಹಲಗೆಗಳ ಸಂದು ಮುಚ್ಚೋಕೆ ಮ್ಯಾಕ್‌ನಿಷ್ ಬಳಸಿದ್ದು ದೀಪದ ಬತ್ತಿ, ತಂಡದ ಚಿತ್ರಕಾರ ಜಾರ್ಜ್ ಮಾರ್ಸ್ಟನ್‌ನ ತೈಲವರ್ಣ ಮತ್ತು ಸೀಲ್ ರಕ್ತ. ಚಿತ್ರ ಬರೆಯೋಕೆ ತಂದ ಬಣ್ಣ ಜೀವ ಉಳಿಸೋ ಕೆಲಸಕ್ಕೆ ಬಂತು.

ಇಲ್ಲಿ ಸ್ವಲ್ಪ ನಿಲ್ತೀನಿ. ಕಾಮರ್ಸ್ ಓದಿದ್ದಕ್ಕೋ ಏನೋ, ಇಂಥ ಕಥೆ ಕೇಳಿದಾಗ ದುಡ್ಡು ಎಲ್ಲಿಂದ ಬಂತು ಅನ್ನೋದೇ ನನ್ನ ಮೊದಲ ಪ್ರಶ್ನೆ. ಈ ದೋಣಿಯ ಹೆಸರು ಜೇಮ್ಸ್ ಕೇರ್ಡ್. ಅದು ಯಾತ್ರೆಗೆ 24,000 ಪೌಂಡ್ ಕೊಟ್ಟ ದಾನಿಯ ಹೆಸರು. ಕೇರ್ಡ್ ಸ್ಕಾಟ್ಲೆಂಡಿನ ಡಂಡಿ ಊರಿನ ಸೆಣಬಿನ ಗಿರಣಿ ಮಾಲೀಕ. ಡಂಡಿಯ ಗಿರಣಿಗಳಿಗೆ ಸೆಣಬು ಬರ್ತಿದ್ದದ್ದು ಬಂಗಾಳದಿಂದ. ಒರಟು ನಾರನ್ನ ಮೆತ್ತಗೆ ಮಾಡೋಕೆ 19ನೇ ಶತಮಾನದಲ್ಲಿ ಅಲ್ಲಿ ತಿಮಿಂಗಿಲದ ಎಣ್ಣೆ ಬಳಸ್ತಿದ್ದರು. ಅಂದ್ರೆ ಬಂಗಾಳದ ರೈತ ಬೆಳೆದ ಸೆಣಬಿನ ಲಾಭ ಈ ದೋಣಿಯ ಹೆಸರಾಗಿ ಕೂತಿದೆ. ದೋಣಿ ಹೊರಟಿರೋದೋ, ತಿಮಿಂಗಿಲ ಬೇಟೆಯ ದ್ವೀಪಕ್ಕೆ! ಇನ್ನೊಂದು ಮಾತು: ಕೇರ್ಡ್ 1916ರ ಮಾರ್ಚ್‌ನಲ್ಲೇ ತೀರಿಕೊಂಡಿದ್ದರು. ಮಂಜಿನ ನಡುವೆ ಇದ್ದ ಇವರಿಗೆ ಆ ಸುದ್ದಿ ತಲುಪೋಕೆ ದಾರಿಯೇ ಇರಲಿಲ್ಲ.

ಏಪ್ರಿಲ್ 24ರಂದು ಆರು ಜನ ಹೊರಟರು: ಶ್ಯಾಕಲ್ಟನ್, ದಿಕ್ಕು ಲೆಕ್ಕ ಹಾಕುವ ಫ್ರಾಂಕ್ ವೊರ್ಸ್ಲಿ, ಟಾಮ್ ಕ್ರೀನ್, ಟಿಮೊಥಿ ಮೆಕಾರ್ಥಿ, ಜಾನ್ ವಿನ್ಸೆಂಟ್ ಮತ್ತು ಮ್ಯಾಕ್‌ನಿಷ್. ಹೊದಿಕೆ ನೋಡಿದಾಗ ತನಗೆ ನಾಟಕದ ರಂಗಸಜ್ಜಿಕೆ ನೆನಪಾಯ್ತು ಅಂತ ಶ್ಯಾಕಲ್ಟನ್ ಆಮೇಲೆ ಬರೆದುಕೊಂಡಿದ್ದಾನೆ. ದೂರದಿಂದ ಗಟ್ಟಿ ಗೋಡೆ, ಹತ್ತಿರ ಹೋದರೆ ಬರೀ ಬಟ್ಟೆ. ಆತನ ಭಯ ಸುಳ್ಳಾಗಿರಲಿಲ್ಲ. ಚೌಕಟ್ಟಿನ ನಡುವೆ ಕ್ಯಾನ್ವಾಸ್ ಜೋತುಬಿತ್ತು, ಆ ಗುಳಿಗಳಲ್ಲಿ ನೀರು ನಿಂತಿತು, ನಿಂತ ನೀರು ಒಳಗೆ ಜಿನುಗಿತು. ಆಮೇಲೆ ಅಲೆಯ ತುಂತುರು ದೋಣಿಯ ಮೇಲೇ ಹೆಪ್ಪುಗಟ್ಟೋಕೆ ಶುರು. ಮಂಜಿನ ಭಾರಕ್ಕೆ ದೋಣಿ ಮುಳುಗಬಾರದು ಅಂದ್ರೆ ಅದನ್ನ ಒಡೆದು ಹಾಕಬೇಕು. ಜಾರುವ ಹೊದಿಕೆಯ ಮೇಲೆ ಒಬ್ಬೊಬ್ಬರೇ ತೆವಳಿಕೊಂಡು ಹೋಗಿ, ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದರಲ್ಲಿ ಮಂಜು ಕಡೀಬೇಕು. ಏಟು ಒಂಚೂರು ಜೋರಾದರೆ ಸೀಳೋದು ಕೆಳಗಿನ ಕ್ಯಾನ್ವಾಸ್. ಅದು ಸೀಳಿದರೆ ಹೊಲಿಯೋಕೆ ಅಲ್ಲಿ ಪುರುಸೊತ್ತಿಲ್ಲ.

ಹೊದಿಕೆ ಸೋರಿತು, ಜೋತುಬಿತ್ತು, ಆದರೆ ತಾಳಿಕೊಂಡಿತು. ವೊರ್ಸ್ಲಿ ಇಡೀ ದಾರಿಯಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ ಸೂರ್ಯನನ್ನ ನೋಡಿ ದಿಕ್ಕು ಹಿಡಿದ. ಮೇ 10ರಂದು ದೋಣಿ ದಕ್ಷಿಣ ಜಾರ್ಜಿಯಾ ಮುಟ್ಟಿತು. ಆದರೆ ದ್ವೀಪದ ತಪ್ಪು ಬದಿ ಅದು. ಬೇಟೆ ನೆಲೆ ಬೆಟ್ಟಗಳ ಆಚೆ. ಮ್ಯಾಕ್‌ನಿಷ್ ಅದೇ ದೋಣಿಯಿಂದ ಸ್ಕ್ರೂ ಬಿಚ್ಚಿ ಬೂಟುಗಳ ಅಡಿಗೆ ಹಾಕಿಕೊಟ್ಟ, ಮಂಜಿನಲ್ಲಿ ಜಾರದೆ ಇರಲಿ ಅಂತ. ಶ್ಯಾಕಲ್ಟನ್, ವೊರ್ಸ್ಲಿ, ಕ್ರೀನ್ ಆ ಬೂಟು ತೊಟ್ಟು ಬೆಟ್ಟ ದಾಟಿದರು. ಎಲಿಫೆಂಟ್ ದ್ವೀಪದಲ್ಲಿ ಉಳಿದ 22 ಜನ ಎರಡು ದೋಣಿ ಬೋರಲು ಹಾಕಿ, ಸುತ್ತ ಡೇರೆಯ ಬಟ್ಟೆ ಕಟ್ಟಿಕೊಂಡು ಬದುಕಿದ್ದರು. ಆಗಸ್ಟ್ 30ರಂದು ಚಿಲಿ ದೇಶದ ಯೆಲ್ಚೊ ಹಡಗು ಅವರನ್ನ ಕರೆತಂತು. ಅಷ್ಟೂ ಜನ ಜೀವಂತ.

ಇಷ್ಟು ಕಥೆಯನ್ನ ಮ್ಯಾನೇಜ್‌ಮೆಂಟ್ ಕ್ಲಾಸ್‌ಗಳಲ್ಲೂ ಹೇಳ್ತಾರೆ, 'ನಾಯಕತ್ವ ಅಂದ್ರೆ ಇದು' ಅಂತ. ನನಗೆ ಕಾಡೋದು ಇದರ ಮುಂದಿನ ಭಾಗ.

ತಂಡದವರಿಗೆ ಬ್ರಿಟಿಷ್ ಸರ್ಕಾರ ಪೋಲಾರ್ ಮೆಡಲ್ ಕೊಟ್ಟಿತು. ಶ್ಯಾಕಲ್ಟನ್ ಅದಕ್ಕೆ ನಾಲ್ವರ ಹೆಸರು ಶಿಫಾರಸು ಮಾಡಲಿಲ್ಲ. ಅದರಲ್ಲೊಬ್ಬ ಮ್ಯಾಕ್‌ನಿಷ್. ಯಾಕೆ? 1915ರ ಡಿಸೆಂಬರ್‌ನಲ್ಲಿ ಮಂಜಿನ ಮೇಲೆ ದೋಣಿ ಎಳೆಯುವಾಗ ಆತ ಎಳೆಯಲ್ಲ ಅಂತ ನಿಂತುಬಿಟ್ಟಿದ್ದ. 'ನಾವು ಸಹಿ ಹಾಕಿದ್ದು ಹಡಗಿನ ಕೆಲಸಕ್ಕೆ. ಹಡಗೇ ಹೋದ ಮೇಲೆ ಕರಾರು ಎಲ್ಲಿದೆ?' ಇದು ಆತನ ವಾದ. ಶ್ಯಾಕಲ್ಟನ್ ಒಪ್ಪಲಿಲ್ಲ. ಅದಕ್ಕೂ ಮೊದಲು ಮ್ಯಾಕ್‌ನಿಷ್‌ನ ಪ್ರೀತಿಯ ಬೆಕ್ಕನ್ನ ಶ್ಯಾಕಲ್ಟನ್ ಅಪ್ಪಣೆಯಂತೆ ಕೊಂದಿದ್ದರು. ಬಡಗಿ ಅದನ್ನ ಕ್ಷಮಿಸಲಿಲ್ಲ.

ಶ್ಯಾಕಲ್ಟನ್ ಕಡೆಯಿಂದಲೂ ನೋಡಬೇಕು. ಅಂಥ ಜಾಗದಲ್ಲಿ ಒಬ್ಬ ತಿರುಗಿಬಿದ್ದರೆ ಇಡೀ ತಂಡ ಒಡೆದುಹೋಗಬಹುದು. ಆತನ ಸಿಟ್ಟು ಅರ್ಥವಾಗುತ್ತೆ. ಆದರೆ ಲೆಕ್ಕಪುಸ್ತಕದಲ್ಲಿ ಒಂದೇ ಬದಿ ಬರೆದರೆ ಅದು ಲೆಕ್ಕ ಅಲ್ಲ. ಆ ಒಂದು ದಿನದ ಜಗಳ ಬರೆದುಕೊಂಡವರು ಹೊದಿಕೆ, ಬತ್ತಿ ತುಂಬಿದ ಸಂದು, ಬೂಟಿನ ಸ್ಕ್ರೂಗಳನ್ನ ಇನ್ನೊಂದು ಬದಿಗೆ ಬರೆಯಲೇ ಇಲ್ಲ.

ಮ್ಯಾಕ್‌ನಿಷ್ ಆಮೇಲೆ ನ್ಯೂಜಿಲೆಂಡಿಗೆ ಹೋದ. ಮೈ ಹದಗೆಟ್ಟಿತು, ಕೆಲಸ ಹೋಯ್ತು. ವೆಲಿಂಗ್ಟನ್ ಬಂದರಿನ ಶೆಡ್‌ನಲ್ಲಿ ಟಾರ್ಪಾಲ್ ಹೊದ್ದು ಮಲಗ್ತಿದ್ದ. ಅಲ್ಲಿನ ಕೂಲಿಗಳು ತಿಂಗಳಿಗೊಮ್ಮೆ ಚಂದಾ ಎತ್ತಿ ಕೊಡ್ತಿದ್ದರು. 1930ರಲ್ಲಿ ತೀರಿಕೊಂಡ. ಸುಮಾರು ಮೂರು ದಶಕ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. 2004ರಲ್ಲಿ ಅದರ ಮೇಲೆ ಒಂದು ಕಂಚಿನ ಬೆಕ್ಕನ್ನ ಕೂರಿಸಿದ್ದಾರೆ. ಮೆಡಲ್ ಮಾತ್ರ ಆತ ಬದುಕಿರುವಾಗ ಬರಲೇ ಇಲ್ಲ.

ಜೇಮ್ಸ್ ಕೇರ್ಡ್ ದೋಣಿ ಈಗ ಲಂಡನ್‌ನ ಡಲಿಚ್ ಕಾಲೇಜಿನಲ್ಲಿದೆ, ಶ್ಯಾಕಲ್ಟನ್ ಓದಿದ ಶಾಲೆ ಅದು. ಅದರ ಫೋಟೊ ಸಿಕ್ಕರೆ ದೋಣಿಯ ಮೇಲ್ಭಾಗ ಒಮ್ಮೆ ನೋಡಿ. ಹಾಗೇ ಈ ವಾರ ನಿಮ್ಮ ಬ್ಯಾಗ್ ಹೊಲಿಗೆ ಬಿಟ್ಟಿದ್ದರೆ ರಸ್ತೆ ಬದಿ ಹೊಲಿದುಕೊಡುವವರ ಹತ್ತಿರ ಒಯ್ಯಿರಿ. ಹತ್ತು ನಿಮಿಷ ನಿಂತು ಅವರ ಕೈ ನೋಡಿ. ಕೊನೆಗೆ ಹೆಸರು ಕೇಳೋದು ಮರೀಬೇಡಿ. ಮತ್ತೆ ಸಿಗೋಣ.