ತೆಳು ಲ್ಯಾಪ್‌ಟಾಪ್‌ನಲ್ಲಿ ಏನಿರ್ಬೇಕು? 2008ರ ಜಗಳ ಇನ್ನೂ ಮುಗಿದಿಲ್ಲ

ಇವತ್ತು ಎರಡು ಬೆಲೆಗಳಿಂದ ಶುರು ಮಾಡೋಣ. 1,795 ಡಾಲರ್, ಮತ್ತೆ 1,799 ಡಾಲರ್. ಮೊದಲನೆಯದು 1981ರಲ್ಲಿ ಬಂದ ಆಸ್ಬೋರ್ನ್ 1 ಅನ್ನೋ ಕಂಪ್ಯೂಟರಿನ ಬೆಲೆ. ಎರಡನೆಯದು 2008ರಲ್ಲಿ ಬಂದ ಮೊಟ್ಟಮೊದಲ ಮ್ಯಾಕ್‌ಬುಕ್ ಏರ್ ಬೆಲೆ. ಮಧ್ಯೆ 27 ವರ್ಷ, ವ್ಯತ್ಯಾಸ ನಾಲ್ಕೇ ಡಾಲರ್. ಆದರೆ ತೂಕ ನೋಡಿ: ಆಸ್ಬೋರ್ನ್ ಸುಮಾರು 11 ಕೆಜಿ, ಏರ್ 1.36 ಕೆಜಿ.

ಎರಡನ್ನೂ ಮಾರಿದ್ದು ಒಂದೇ ಮಾತು ಹೇಳಿ: ಎತ್ತಿಕೊಂಡು ಹೋಗಿ, ಎಲ್ಲಿ ಬೇಕಾದ್ರೂ ಕೆಲಸ ಮಾಡಿ. ಹಾಗಾದ್ರೆ ಎತ್ತಿಕೊಂಡು ಹೋಗೋ ಕಂಪ್ಯೂಟರಿನಲ್ಲಿ ಏನು ಇರಲೇಬೇಕು, ಏನು ಬಿಟ್ರೂ ನಡೆಯುತ್ತೆ? ಹೊಸ ಲ್ಯಾಪ್‌ಟಾಪ್ ತಗೊಳ್ಳೋ ಪ್ರತಿಯೊಬ್ಬರ ಮನೆಯಲ್ಲೂ ನಡೆಯೋ ಚರ್ಚೆ ಇದು. ಇದಕ್ಕೊಂದು ಇತಿಹಾಸ ಇದೆ. ಇವತ್ತಿನ ಕಥೆ ಅದೇ.

ಮೊದಲ ಪಟ್ಟಿ

ಆಡಮ್ ಆಸ್ಬೋರ್ನ್‌ಗೆ ನಮ್ಮ ಕಡೆಯ ನಂಟೂ ಇದೆ. ಹುಟ್ಟಿದ್ದು ಬ್ಯಾಂಕಾಕ್‌ನಲ್ಲಿ, ಆದರೆ ಬಾಲ್ಯದ ಬಹುಪಾಲು ಕಳೆದದ್ದು ತಮಿಳುನಾಡಿನಲ್ಲಿ. ಅಪ್ಪ ಆರ್ಥರ್ ಆಸ್ಬೋರ್ನ್ ರಮಣ ಮಹರ್ಷಿಗಳ ಭಕ್ತರು. ಆಡಮ್ ಕೊನೆಯುಸಿರೆಳೆದದ್ದೂ ಕೊಡೈಕೆನಾಲ್‌ನಲ್ಲೇ, 2003ರಲ್ಲಿ.

ಅವರ ಕಂಪ್ಯೂಟರ್ ನೋಡೋಕೆ ಹೊಲಿಗೆ ಮಿಷನ್ ಪೆಟ್ಟಿಗೆ ಇದ್ದ ಹಾಗೆ ಇತ್ತು. ಪರದೆ ಐದೇ ಇಂಚು. ಬ್ಯಾಟರಿ ಇರಲಿಲ್ಲ, ಪ್ಲಗ್ ಸಿಕ್ಕ ಕಡೆ ಮಾತ್ರ ಕೆಲಸ. ಆದರೆ ಬೆಲೆಯಲ್ಲೇ ವರ್ಡ್‌ಸ್ಟಾರ್, ಸೂಪರ್‌ಕ್ಯಾಲ್ಕ್ ಥರದ ಸಾಫ್ಟ್‌ವೇರ್ ಸೇರಿತ್ತು. ಬಿಡಿಬಿಡಿಯಾಗಿ ಕೊಂಡಿದ್ರೆ ಅದೇ ದೊಡ್ಡ ಮೊತ್ತ ಆಗ್ತಿತ್ತು. ಅಂದ್ರೆ ಆಸ್ಬೋರ್ನ್ ಅವರ ಪಟ್ಟಿಯಲ್ಲಿ ಬೆಲೆ ಮತ್ತು ಸಾಫ್ಟ್‌ವೇರ್ ಮೇಲಿತ್ತು, ಪರದೆ ಮತ್ತು ಬ್ಯಾಟರಿ ಕೆಳಗಿತ್ತು.

ಮರುವರ್ಷ, 1982ರಲ್ಲಿ, ಗ್ರಿಡ್ ಕಂಪಾಸ್ ಬಂತು. ಬಿಲ್ ಮಾಗ್ರಿಡ್ಜ್ ವಿನ್ಯಾಸ, ಮೆಗ್ನೀಸಿಯಂ ಕವಚ. ಪುಸ್ತಕದ ಥರ ಮಡಚೋ ಆಕಾರ ಅಲ್ಲೇ ಕಾಣುತ್ತೆ. ಸುಮಾರು ಐದು ಕೆಜಿ. ಬೆಲೆ ಮಾತ್ರ 8,150 ಡಾಲರ್! ನಾಸಾದ ಸ್ಪೇಸ್ ಶಟಲ್‌ಗೆ ಹೋಯ್ತು, ಸಾಮಾನ್ಯರ ಮನೆಗೆ ಬರಲಿಲ್ಲ. ಒಂದು ವರ್ಷದ ಅಂತರದಲ್ಲಿ ಎರಡು ಯಂತ್ರ, ಎರಡು ಉಲ್ಟಾ ಪಟ್ಟಿ. ಜಗಳ ಶುರುವಾಗಿದ್ದೇ ಅಲ್ಲಿಂದ.

ಲಕೋಟೆಯಿಂದ ಹೊರಬಂದದ್ದು

ಈಗ ನೇರ 2008ರ ಜನವರಿ 15ಕ್ಕೆ ಹೋಗೋಣ. ಸ್ಯಾನ್ ಫ್ರಾನ್ಸಿಸ್ಕೊ, ಮ್ಯಾಕ್‌ವರ್ಲ್ಡ್ ವೇದಿಕೆ. ಸ್ಟೀವ್ ಜಾಬ್ಸ್ ಆಫೀಸುಗಳಲ್ಲಿ ಬಳಸೋ ಕಂದು ಬಣ್ಣದ ಕಾಗದದ ಲಕೋಟೆಯಿಂದ ಒಂದು ಲ್ಯಾಪ್‌ಟಾಪ್ ಎಳೆದು ತೋರಿಸಿದ್ರು. ಅತಿ ದಪ್ಪ ಇರೋ ಕಡೆ ಸುಮಾರು 19 ಮಿಲಿಮೀಟರ್, ಅತಿ ತೆಳು ಇರೋ ಕಡೆ ಸುಮಾರು 4. ಸಭೆಗೆ ಸಭೆಯೇ ಚಪ್ಪಾಳೆ.

ಆದರೆ ಅದರಲ್ಲಿ ಇಲ್ಲದ್ದು ಏನೇನು ಅಂತ ನೋಡಿ. ಡಿವಿಡಿ ಡ್ರೈವ್ ಇಲ್ಲ. ನೆಟ್‌ವರ್ಕ್ ವೈರ್ ಹಾಕೋ ಈಥರ್‌ನೆಟ್ ಇಲ್ಲ. ಯುಎಸ್‌ಬಿ ಒಂದೇ. ಬ್ಯಾಟರಿ ನಾವೇ ತೆಗೆದು ಹಾಕೋ ಹಾಗಿಲ್ಲ. 2 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸುಗೆ, ಮುಂದೆ ಹೆಚ್ಚಿಸೋ ಹಾಗಿಲ್ಲ. ಒಳಗೆ 80 ಜಿಬಿಯ ಪುಟ್ಟ ಹಾರ್ಡ್ ಡಿಸ್ಕ್, ಅದೂ ನಿಧಾನ. ವೇಗದ ಎಸ್‌ಎಸ್‌ಡಿ ಹಾಕಿದ ಮೇಲಿನ ಮಾಡೆಲ್ ಬೇಕು ಅಂದ್ರೆ 3,098 ಡಾಲರ್.

ನಾನು ಕಾಮರ್ಸ್ ಓದಿದೋನು, ಹಾಗಾಗಿ ನನ್ನ ಕಣ್ಣು ಇಲ್ಲಿ ಬೇರೆ ಕಡೆ ಹೋಗುತ್ತೆ. ಲ್ಯಾಪ್‌ಟಾಪ್‌ನಿಂದ ತೆಗೆದ ಡಿವಿಡಿ ಡ್ರೈವ್ ಮಾಯ ಆಗಲಿಲ್ಲ, ಹೊರಗೆ ಜೋಡಿಸೋ ರೂಪದಲ್ಲಿ 99 ಡಾಲರ್‌ಗೆ ಪ್ರತ್ಯೇಕ ಮಾರಾಟಕ್ಕೆ ಬಂತು. ಈಥರ್‌ನೆಟ್ ಬೇಕಾ? 29 ಡಾಲರ್ ಅಡಾಪ್ಟರ್. ಅದೇ ದಿನ, ಅದೇ ವೇದಿಕೆಯಲ್ಲಿ, ಇಂಟರ್ನೆಟ್ ಮೂಲಕ ಸಿನಿಮಾ ಬಾಡಿಗೆಗೆ ಕೊಡೋ ಐಟ್ಯೂನ್ಸ್ ಸೇವೆಯನ್ನೂ ಘೋಷಿಸಿದ್ರು. ವೈರ್ ಇಲ್ಲದೆ ಬ್ಯಾಕಪ್ ಮಾಡೋ ಟೈಮ್ ಕ್ಯಾಪ್ಸೂಲ್ ಪೆಟ್ಟಿಗೆಯೂ ಅವತ್ತೇ ಬಂತು. "ಡಿಸ್ಕ್ ಯಾಕೆ ಬೇಕು?" ಅನ್ನೋ ಪ್ರಶ್ನೆಗೆ ಉತ್ತರ ಪಕ್ಕದ ಕೌಂಟರಿನಲ್ಲೇ ಮಾರಾಟಕ್ಕಿತ್ತು. ಒಂದು ಸೌಲಭ್ಯವನ್ನ ಯಂತ್ರದ ಖಾತೆಯಿಂದ ತೆಗೆದು ಗ್ರಾಹಕರ ಖರ್ಚಿನ ಖಾತೆಗೆ ಬರೆಯೋದು ಅಂದ್ರೆ ಇದು.

ಅಮೆರಿಕದಲ್ಲಿ ಈ ಲೆಕ್ಕ ಒಂದು ಮಟ್ಟಿಗೆ ಹೊಂದುತ್ತಿತ್ತು. ನಮ್ಮಲ್ಲಿ? 2004ರ ಭಾರತದ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ರೆ ಸಾಕು, ಅದು ಬ್ರಾಡ್‌ಬ್ಯಾಂಡ್. 2008ರಲ್ಲೂ ಅದೇ ವ್ಯಾಖ್ಯೆ. ಆ ವೇಗದಲ್ಲಿ ಒಂದು ಡಿವಿಡಿ ತುಂಬುವಷ್ಟು, ಅಂದ್ರೆ 4.7 ಜಿಬಿ, ಇಳಿಸೋಕೆ ಎಷ್ಟು ಹೊತ್ತು ಬೇಕು? ಗುಣಾಕಾರ ಮಾಡಿ ನೋಡಿ: ಸುಮಾರು 40 ಗಂಟೆ. ಮಧ್ಯೆ ಕರೆಂಟ್ ಹೋಗದಿದ್ರೆ! ಇಲ್ಲಿ ಡಿವಿಡಿ ಡ್ರೈವ್ ಹಳೇ ಕಾಲದ ವಸ್ತು ಆಗಿರಲಿಲ್ಲ, ಅನ್ನ ಸಾಂಬಾರಿನಷ್ಟೇ ದಿನಬಳಕೆಯದಾಗಿತ್ತು.

ಒಂದೂವರೆ ತಿಂಗಳಲ್ಲಿ ಬಂದ ಉತ್ತರ

ಫೆಬ್ರವರಿ 26, 2008. ಲೆನೊವೊ ಕಂಪನಿ ಥಿಂಕ್‌ಪ್ಯಾಡ್ ಎಕ್ಸ್300 ಘೋಷಿಸಿತು. ಇದೂ 13.3 ಇಂಚು, ಇದೂ ತೆಳು, ಇದೂ ಹಗುರ. ಆದರೆ ಪಟ್ಟಿ ಪೂರ್ತಿ ಉಲ್ಟಾ. ಡಿವಿಡಿ ಡ್ರೈವ್ ಒಳಗೇ ಇದೆ. ಈಥರ್‌ನೆಟ್ ಇದೆ. ಯುಎಸ್‌ಬಿ ಮೂರು. ಪ್ರೊಜೆಕ್ಟರ್‌ಗೆ ವಿಜಿಎ ಇದೆ. ಬ್ಯಾಟರಿ ಕಳಚಬಹುದು, ರ‍್ಯಾಮ್ ಬದಲಾಯಿಸಬಹುದು. ಎಲ್ಲ ಯಂತ್ರಕ್ಕೂ 64 ಜಿಬಿ ಎಸ್‌ಎಸ್‌ಡಿ. ಬೆಲೆ ಮಾತ್ರ 2,400 ಡಾಲರ್ ದಾಟಿತ್ತು, ಪ್ರೊಸೆಸರ್ ಏರ್‌ಗಿಂತ ನಿಧಾನದ್ದು.

ಆಗಿನ ಚರ್ಚೆಗಳಲ್ಲಿ ಎಕ್ಸ್300 ಕಡೆಯವರ ವಾದ ಸರಳ: ಅಷ್ಟೇ ಜಾಗದಲ್ಲಿ ಇವರು ಎಲ್ಲ ಇಟ್ಟಿದ್ದಾರೆ ಅಂದ್ಮೇಲೆ ಆಪಲ್ ಯಾಕೆ ತೆಗೀತು? ಏರ್ ಕಡೆಯವರದ್ದೂ ಅಷ್ಟೇ ಸರಳ: ಇನ್ನು ಎರಡು ವರ್ಷದಲ್ಲಿ ಯಾರೂ ಮುಟ್ಟದ ಸಾಮಾನನ್ನ ಯಾಕೆ ಹೊರಬೇಕು?

ಯಾರು ಗೆದ್ದರು?

ಮೇಲ್ನೋಟಕ್ಕೆ ಆಪಲ್. 2010ರ ಅಕ್ಟೋಬರ್‌ನಲ್ಲಿ ಏರ್ ಪೂರ್ತಿ ಹೊಸದಾಗಿ ಬಂತು. 2011ರಲ್ಲಿ ಇಂಟೆಲ್ "ಅಲ್ಟ್ರಾಬುಕ್" ಅನ್ನೋ ಹೆಸರಿಟ್ಟು, 300 ಮಿಲಿಯನ್ ಡಾಲರ್ ನಿಧಿ ಎತ್ತಿಟ್ಟು, ಉಳಿದ ಕಂಪನಿಗಳನ್ನೂ ಅದೇ ದಾರಿಗೆ ತಳ್ಳಿತು. 2012ರಲ್ಲಿ ಲೆನೊವೊದವರೇ ಎಕ್ಸ್1 ಕಾರ್ಬನ್ ತಂದ್ರು. ಡಿವಿಡಿ ಡ್ರೈವ್ ಇಲ್ಲ, ಈಥರ್‌ನೆಟ್‌ಗೆ ಅಡಾಪ್ಟರ್, ರ‍್ಯಾಮ್ ಬೆಸುಗೆ. ನಾಲ್ಕು ವರ್ಷ ಮೊದಲು ಎದುರು ನಿಂತಿದ್ದವರು ಆ ಕಡೆ ಸಾಲಿಗೆ ಹೋಗಿ ನಿಂತರು.

ಆದರೆ 2010ರ ಏರ್ ಗೆದ್ದಿದ್ದು ಯಾವುದರಿಂದ ಅಂತ ಕೇಳಿ. ಎಲ್ಲ ಮಾಡೆಲ್‌ಗೂ ವೇಗದ ಫ್ಲ್ಯಾಶ್ ಸ್ಟೋರೇಜ್, ಒಂದಿದ್ದ ಯುಎಸ್‌ಬಿ ಎರಡಾಯ್ತು, ಆರಂಭದ ಬೆಲೆ 999 ಡಾಲರ್‌ಗೆ ಇಳೀತು. ಜಾಹೀರಾತಿನ ಚಿತ್ರದಲ್ಲಿ ಕಂಡದ್ದು ತೆಳು ಅಂಚು. ಜನ ಅದನ್ನ ಕೊಳ್ಳುವಂತೆ ಮಾಡಿದ್ದರಲ್ಲಿ ವೇಗ ಮತ್ತು ಬೆಲೆಯ ಪಾಲು ದೊಡ್ಡದು.

ತೆಳುವಿಗೂ ಒಂದು ಮಿತಿ

ಆಮೇಲೆ ಆಪಲ್ ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋಯ್ತು. 2015ರಲ್ಲಿ 12 ಇಂಚಿನ ಮ್ಯಾಕ್‌ಬುಕ್. ಚಾರ್ಜ್ ಮಾಡೋಕೂ, ಪೆನ್‌ಡ್ರೈವ್ ಹಾಕೋಕೂ ಸೇರಿ ಒಂದೇ ಒಂದು ಯುಎಸ್‌ಬಿ-ಸಿ. ಜೊತೆಗೆ ಕೀಬೋರ್ಡ್‌ನೂ ತೆಳು ಮಾಡೋಕೆ "ಬಟರ್‌ಫ್ಲೈ" ಅನ್ನೋ ಹೊಸ ರಚನೆ. ಚೂರು ಧೂಳು ಹೋದ್ರೂ ಕೀ ಸಿಕ್ಕಿಹಾಕಿಕೊಳ್ಳುತ್ತೆ, ಒಮ್ಮೆ ಒತ್ತಿದ್ರೆ ಎರಡು ಅಕ್ಷರ ಬೀಳುತ್ತೆ ಅನ್ನೋ ದೂರು ಹೆಚ್ಚಾಯ್ತು. 2018ರಲ್ಲಿ ಕಂಪನಿಯೇ ಉಚಿತ ರಿಪೇರಿ ಯೋಜನೆ ಶುರು ಮಾಡ್ತು. 2019ರ ಕೊನೆಯಿಂದ ಹಳೇ ಥರದ ಕೀಬೋರ್ಡ್ ವಾಪಸ್ ಬಂತು. 2022ರಲ್ಲಿ ಅಮೆರಿಕದ ಗ್ರಾಹಕರ ಮೊಕದ್ದಮೆ 50 ಮಿಲಿಯನ್ ಡಾಲರ್ ರಾಜಿಗೆ ಬಂತು.

2021ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಕ್‌ಬುಕ್ ಪ್ರೊ ನೋಡಿ: ಎಚ್‌ಡಿಎಂಐ ವಾಪಸ್, ಎಸ್‌ಡಿ ಕಾರ್ಡ್ ಸ್ಲಾಟ್ ವಾಪಸ್, ಮ್ಯಾಗ್ನೆಟ್ ಚಾರ್ಜರ್ ವಾಪಸ್. 16 ಇಂಚಿನದ್ದು ಹಿಂದಿನದ್ದಕ್ಕಿಂತ ಕೊಂಚ ದಪ್ಪ, ಕೊಂಚ ಭಾರ. ಲೆನೊವೊ ಆಪಲ್ ಕಡೆ ಬಂದ ಹಾಗೇ, ಆಪಲ್ ಕೂಡ ಎಕ್ಸ್300 ಕಡೆ ಎರಡು ಹೆಜ್ಜೆ ಇಟ್ಟಿತು.

ಡಿವಿಡಿ ಡ್ರೈವ್ ಮಾತ್ರ ಯಾರೂ ವಾಪಸ್ ತರಲಿಲ್ಲ. ಯಾಕೆ?

ನನಗೆ ಈ ಇಡೀ ಇತಿಹಾಸದ ಕೀಲಿ ಈ ಪ್ರಶ್ನೆಯಲ್ಲೇ ಇದೆ ಅನ್ಸುತ್ತೆ. ಲ್ಯಾಪ್‌ಟಾಪ್‌ನ ಸೌಲಭ್ಯಗಳಲ್ಲಿ ಎರಡು ಜಾತಿ. ಒಂದು, ಹೊರಗಿನ ಜಗತ್ತು ತುಂಬಿಕೊಡಬಹುದಾದದ್ದು. ಡಿವಿಡಿ ಕೆಲಸವನ್ನ ಇಂಟರ್ನೆಟ್ ಮಾಡ್ತು, ಈಥರ್‌ನೆಟ್ ಕೆಲಸವನ್ನ ಬಹುಮಟ್ಟಿಗೆ ವೈಫೈ ಮಾಡ್ತು. ಊರಿಂದ ಊರಿಗೆ ಇದು ಆಗೋ ವೇಗ ಬೇರೆ, ಆದರೆ ಇವತ್ತಲ್ಲ ನಾಳೆ ಆಗುತ್ತೆ. ಇನ್ನೊಂದು, ಯಂತ್ರ ತಾನೇ ಕೊಡಬೇಕಾದದ್ದು. ನಿಮ್ಮ ಬೆರಳಿಗೆ ಕೀಬೋರ್ಡ್, ಕಣ್ಣಿಗೆ ಪರದೆ, ಪ್ಲಗ್ ಇಲ್ಲದ ಕಡೆ ಬ್ಯಾಟರಿ, ಐದನೇ ವರ್ಷದಲ್ಲಿ ರಿಪೇರಿ. ಇದನ್ನ ಯಾವ ನೆಟ್‌ವರ್ಕೂ ತಂದುಕೊಡಲ್ಲ. ಮೊದಲ ಜಾತಿಯದ್ದನ್ನ ತೆಗೆದಾಗ ಜನ ಗೊಣಗಿ ಸುಮ್ಮನಾದರು. ಎರಡನೇ ಜಾತಿಗೆ ಕೈ ಹಾಕಿದಾಗ ಕೋರ್ಟಿಗೇ ಹೋದರು.

ನಮ್ಮ ಜೇಬಿಗೆ ಬರೋಣ

ಈ ಜಗಳದಲ್ಲಿ ಇನ್ನೂ ಇತ್ಯರ್ಥ ಆಗದೆ ಉಳಿದಿರೋದು ಬೆಸುಗೆ ಹಾಕಿದ ರ‍್ಯಾಮ್. ಕಂಪನಿಗಳ ಹತ್ರ ಕಾರಣ ಇಲ್ಲ ಅಂತಲ್ಲ. ಮೆಮೊರಿ ಪ್ರೊಸೆಸರ್‌ಗೆ ಹತ್ತಿರ ಇದ್ದಷ್ಟೂ ವಿದ್ಯುತ್ ಕಡಿಮೆ ಸಾಕು. 2008ರ ಏರ್‌ಗೆ ಆಪಲ್ ಹೇಳಿದ್ದು ಐದು ಗಂಟೆ ಬ್ಯಾಟರಿ. 2020ರ ಎಂ1 ಏರ್‌ಗೆ ಹೇಳಿದ್ದು ವೆಬ್ ನೋಡೋಕೆ 15 ಗಂಟೆವರೆಗೆ, ಅದೂ ಫ್ಯಾನೇ ಇಲ್ಲದೆ. ಅದರಲ್ಲಿ ಈ ರಚನೆಯ ಪಾಲೂ ಇದೆ.

ಆದರೆ "ತೆಳು ಬೇಕಾದ್ರೆ ಬೆಸುಗೆ ಅನಿವಾರ್ಯ" ಅನ್ನೋ ಮಾತಿಗೆ 2021ರಲ್ಲೇ ಒಂದು ಎದುರುತ್ತರ ಬಂದಿದೆ. ಅಮೆರಿಕದ ಫ್ರೇಮ್‌ವರ್ಕ್ ಕಂಪನಿಯ ಲ್ಯಾಪ್‌ಟಾಪ್ ಸುಮಾರು 16 ಮಿಲಿಮೀಟರ್ ದಪ್ಪ, 1.3 ಕೆಜಿ. ಮೊದಲ ಏರ್‌ನ ಗರಿಷ್ಠ ದಪ್ಪಕ್ಕಿಂತ ಕಡಿಮೆ! ಅದರ ರ‍್ಯಾಮ್, ಸ್ಟೋರೇಜ್, ಬ್ಯಾಟರಿ, ಕೀಬೋರ್ಡ್ ಎಲ್ಲ ಬಳಸೋರೇ ಬದಲಾಯಿಸಬಹುದು. ಅಂದ್ರೆ ಇಲ್ಲಿ ತಂತ್ರಜ್ಞಾನದ ಜೊತೆ ವ್ಯಾಪಾರದ ಆಯ್ಕೆಯೂ ಕೆಲಸ ಮಾಡ್ತಿದೆ.

ಇದು ನಮಗೆ ಯಾಕೆ ಮುಖ್ಯ? ವರ್ಷ ವರ್ಷ ಯಂತ್ರ ಬದಲಾಯಿಸೋರಿಗೆ ಇದು ಸಣ್ಣ ವಿಷಯ. ಅಪ್ಪ ಇಎಂಐ ಕಟ್ಟಿ ಕೊಡಿಸಿದ ಒಂದೇ ಲ್ಯಾಪ್‌ಟಾಪ್‌ನಲ್ಲಿ ಡಿಗ್ರಿ ಮುಗಿಸಿ, ಅದರಲ್ಲೇ ಮೊದಲ ಕೆಲಸ ಹುಡುಕಿ, ಆಮೇಲೆ ತಂಗಿಗೆ ಕೊಡೋರಿಗೆ ಇದೇ ದೊಡ್ಡ ವಿಷಯ. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ರ‍್ಯಾಮ್ ಹಾಕಿಸಿಕೊಂಡು ಹಳೇ ಯಂತ್ರವನ್ನ ಇನ್ನೆರಡು ವರ್ಷ ಓಡಿಸೋದು ನಮ್ಮ ಮಧ್ಯಮ ವರ್ಗದ ಅರ್ಥಶಾಸ್ತ್ರ. ರ‍್ಯಾಮ್ ಬೆಸುಗೆ ಹಾಕಿದ ದಿನ ಆ ಬಾಗಿಲು ಮುಚ್ಚುತ್ತೆ.

ಹಾಗಾಗಿ ಮುಂದಿನ ಸಲ ಅಂಗಡಿಯಲ್ಲಿ ನಿಂತಾಗ ದಪ್ಪದ ಮಿಲಿಮೀಟರ್ ಕೊನೆಗೆ ಕೇಳಿ. ಮೊದಲು ಐದು ನಿಮಿಷ ಅದರ ಮೇಲೆ ಟೈಪ್ ಮಾಡಿ ನೋಡಿ. ರ‍್ಯಾಮ್ ಬೆಸುಗೆನಾ, ಸ್ಲಾಟಾ ಕೇಳಿ. ಬೆಸುಗೆ ಆಗಿದ್ರೆ ಇವತ್ತಿಗೆ ಬೇಕಾದಷ್ಟಲ್ಲ, ಐದು ವರ್ಷಕ್ಕೆ ಬೇಕಾದಷ್ಟು ಈಗಲೇ ತಗೊಳ್ಳಿ. ಬ್ಯಾಟರಿ ಬದಲಾಯಿಸೋಕೆ ಎಷ್ಟಾಗುತ್ತೆ ಅಂತ ಬಿಲ್ ಮಾಡಿಸೋ ಮೊದಲೇ ವಿಚಾರಿಸಿ. ಪೋರ್ಟ್ ಕಡಿಮೆ ಇದ್ರೆ ಅಡಾಪ್ಟರ್ ದುಡ್ಡನ್ನೂ ಬೆಲೆಗೆ ಸೇರಿಸಿ ಕೂಡಿ.

ನಿಮ್ಮ ಪಟ್ಟಿಯಲ್ಲಿ ಮೇಲೆ ಏನಿದೆ, ಯಾವುದನ್ನ ಬಿಡೋಕೆ ರೆಡಿ ಇದ್ದೀರಿ? ಮನೆಯಲ್ಲಿ, ಹಾಸ್ಟೆಲಿನಲ್ಲಿ ಒಂದ್ಸಲ ವಾದ ಮಾಡಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.